ಮೊಳಕೆಯಲ್ಲಿ ಕಾಣುವುದೆಷ್ಟು?

ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳು ಕೈಗೆ ಬಂದ ವಾರ ಪ್ರತಿ ಪ್ರೌಢಶಾಲೆಯಲ್ಲೂ ಒಂದು ಪಟ್ಟಿ ತಯಾರಾಗುತ್ತದೆ. ನಿಮ್ಮಲ್ಲಿ ಹೆಚ್ಚಿನವರು ಅದನ್ನು ಕೈಯಾರೆ ಬರೆದವರು. ಖಂಡಿತ ಪಾಸಾಗುವವರು ಒಂದು ಕಡೆ, ಅಂಚಿನಲ್ಲಿರುವವರು ಒಂದು ಕಡೆ, ಕಷ್ಟ ಅನ್ನಿಸುವವರು ಇನ್ನೊಂದು ಕಡೆ. ಆ ಕೊನೆಯ ಗುಂಪಿಗೆ ಪಾಸಿಂಗ್ ಪ್ಯಾಕೇಜ್, ಸಂಜೆಯ ವಿಶೇಷ ತರಗತಿ, ಒಬ್ಬೊಬ್ಬ ಶಿಕ್ಷಕರು ಐದಾರು ಮಕ್ಕಳನ್ನು ದತ್ತು ತೆಗೆದುಕೊಳ್ಳುವುದು, ಎಲ್ಲ ನಡೆಯುತ್ತದೆ. ನಾನು ಇಪ್ಪತ್ತಾರು ವರ್ಷ ಗಣಿತ ಕಲಿಸಿದವನು. ಅಷ್ಟೂ ವರ್ಷ ಆ ಪಟ್ಟಿ ಬರೆದವನು. ಇವತ್ತು ಮಾತನಾಡಬೇಕೆಂದಿರುವುದು ಅದರ ಬಗ್ಗೆಯೇ. ಒಂದು ಮಗು ಮುಂದೆ ಏನಾಗುತ್ತದೆ ಎಂದು ಈಗಲೇ ಹೇಳಬಹುದೇ ಎಂಬ ಪ್ರಶ್ನೆಯ ಬೆನ್ನು ಹತ್ತಿ ನೂರು ವರ್ಷಕ್ಕೂ ಮೇಲ್ಪಟ್ಟು ಸಂಶೋಧನೆ ನಡೆದಿದೆ. ನಮ್ಮ ಪಟ್ಟಿಯೂ ಅದೇ ಪ್ರಶ್ನೆಗೆ ನಾವು ಕೊಡುವ ಉತ್ತರ.

‘ಬೆಳೆಯುವ ಸಿರಿ ಮೊಳಕೆಯಲ್ಲಿ ನೋಡು’ ಎನ್ನುತ್ತದೆ ನಮ್ಮ ಗಾದೆ. ಮೊಳಕೆಯನ್ನು ಅಳೆಯಲು ಮೊದಲು ಕೈಹಾಕಿದವರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಒಬ್ಬರು. ಫ್ರಾನ್ಸಿನಲ್ಲಿ ಎಲ್ಲ ಮಕ್ಕಳೂ ಶಾಲೆಗೆ ಬರಬೇಕೆಂಬ ಕಾನೂನು ಬಂದಿತ್ತು. ಬಂದವರಲ್ಲಿ ಕೆಲವರಿಗೆ ಪಾಠ ಹತ್ತುತ್ತಿರಲಿಲ್ಲ. ಯಾರಿಗೆ ಹೆಚ್ಚಿನ ನೆರವು ಬೇಕು ಎಂದು ತಿಳಿಯಲು ಬಿನೆ ಮತ್ತು ಥಿಯೊಡೋರ್ ಸಿಮೊನ್ 1905ರಲ್ಲಿ ಪ್ರಶ್ನೆಗಳ ಒಂದು ಸರಣಿ ಮಾಡಿದರು. ಮಗುವಿನ ಬುದ್ಧಿ ಇಂತಿಷ್ಟೇ, ಅದು ಹೆಚ್ಚುವುದಿಲ್ಲ ಎಂಬ ಮಾತನ್ನು ಬಿನೆ ಒಪ್ಪಲಿಲ್ಲ. 1909ರಲ್ಲಿ ಬರೆದ ಪುಸ್ತಕದಲ್ಲಿ ಅಂಥ ಮಾತನ್ನು ಕ್ರೂರ ನಿರಾಶಾವಾದ ಎಂದು ಕರೆದರು, ಅದನ್ನು ಪ್ರತಿಭಟಿಸಬೇಕು ಎಂದರು. ಎರಡು ವರ್ಷದಲ್ಲಿ ತೀರಿಕೊಂಡರು. ಪ್ರಶ್ನೆಗಳ ಸರಣಿ ಮಾತ್ರ ಲೋಕವನ್ನೆಲ್ಲ ಸುತ್ತಿತು. ನಮ್ಮಲ್ಲಿಗೂ ಬಂತು. ವಿ.ವಿ. ಕಾಮತ್ 1930ರ ದಶಕದಲ್ಲಿ ಅದನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಹೊಂದಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರನ್ನು ನಿಮ್ಮಲ್ಲಿ ಕೆಲವರು ಆಸ್ಪತ್ರೆಯ ವರದಿಗಳಲ್ಲಿ ನೋಡಿರಬಹುದು. ಅಷ್ಟು ಹಿಂದೆಯೇ ನಮ್ಮ ಮಕ್ಕಳನ್ನು ಅವರದೇ ಭಾಷೆಯಲ್ಲಿ ಕೇಳಬೇಕೆಂದು ಒಬ್ಬರಿಗೆ ಹೊಳೆಯಿತಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ನೆರವು ಯಾರಿಗೆ ಬೇಕು ಎಂದು ಕೇಳುತ್ತಿದ್ದ ಪರೀಕ್ಷೆ ಅಮೆರಿಕಕ್ಕೆ ಹೋದಾಗ ಅದರ ಪ್ರಶ್ನೆಯೇ ಬದಲಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದ ಶಾಲೆಗಳಿಂದ ಅತಿ ಬುದ್ಧಿವಂತ ಮಕ್ಕಳನ್ನು ಹುಡುಕಿಸಿದರು. ಸುಮಾರು 1,500 ಮಕ್ಕಳು ಆಯ್ಕೆಯಾದರು, ಜೀವನವಿಡೀ ಅವರನ್ನು ಹಿಂಬಾಲಿಸಿ ದಾಖಲೆ ಇಡಲಾಯಿತು. ಗುಂಪಾಗಿ ನೋಡಿದರೆ ಅವರು ಚೆನ್ನಾಗಿಯೇ ಬಾಳಿದರು. ಪ್ರಾಧ್ಯಾಪಕರು, ವಕೀಲರು, ವೈದ್ಯರು ಬಹಳ ಮಂದಿ ಆದರು. ಆದರೆ ಪರೀಕ್ಷೆ ಕೊಟ್ಟು ಆಯ್ಕೆಯಾಗದೆ ಮನೆಗೆ ಹೋದ ಹುಡುಗರಲ್ಲಿ ಇಬ್ಬರ ಹೆಸರು ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವಾರೆಜ್. ಶಾಕ್ಲಿಗೆ 1956ರಲ್ಲಿ, ಆಲ್ವಾರೆಜ್‌ಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆಯ್ಕೆಯಾದ ಗುಂಪಿನಿಂದ ಒಬ್ಬರಿಗೂ ನೊಬೆಲ್ ಬರಲಿಲ್ಲ.

ಅದೇ ಸ್ಟ್ಯಾನ್‌ಫರ್ಡಿನ ಆವರಣದಲ್ಲಿರುವ ಶಿಶುವಿಹಾರದಲ್ಲಿ 1960ರ ದಶಕದ ಕೊನೆಗೆ ಇನ್ನೊಂದು ಪ್ರಯೋಗ ನಡೆಯಿತು. ನೀವು ವಾಟ್ಸ್‌ಆ್ಯಪಿನಲ್ಲಿ ಅದರ ವಿಡಿಯೊ ನೋಡಿಯೇ ಇರುತ್ತೀರಿ. ನಾಲ್ಕು ವರ್ಷದ ಮಗುವಿನ ಮುಂದೆ ಹತ್ತಿಯಂತೆ ಮೆತ್ತಗಿರುವ ಮಾರ್ಷ್‌ಮೆಲೊ ಎಂಬ ಸಿಹಿತಿಂಡಿ. ‘ನಾನು ವಾಪಸು ಬರುವವರೆಗೆ ತಿನ್ನದೆ ಕಾದರೆ ಎರಡು ಕೊಡುತ್ತೇನೆ’ ಎಂದು ಹೇಳಿ ದೊಡ್ಡವರು ಹೊರಗೆ ಹೋಗುತ್ತಾರೆ. ಮಗು ಕಣ್ಣು ಮುಚ್ಚಿಕೊಳ್ಳುತ್ತದೆ, ಹಾಡು ಹೇಳಿಕೊಳ್ಳುತ್ತದೆ, ತಿಂಡಿಯ ಕಡೆಗೆ ಬೆನ್ನು ಹಾಕಿ ಕೂರುತ್ತದೆ. ವಾಲ್ಟರ್ ಮಿಶೆಲ್ ಎಂಬ ಮನೋವಿಜ್ಞಾನಿ ಹಲವು ವರ್ಷಗಳ ನಂತರ ಆ ಮಕ್ಕಳ ಹೆತ್ತವರಿಗೆ ಪತ್ರ ಬರೆದು ವಿಚಾರಿಸಿದರು. ಹೆಚ್ಚು ಹೊತ್ತು ಕಾದ ಮಕ್ಕಳಿಗೆ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದಿತ್ತು. 1990ರಲ್ಲಿ ಇದು ಪ್ರಕಟವಾದ ಮೇಲೆ ಒಂದು ಮಾತು ಊರೆಲ್ಲ ಹಬ್ಬಿತು: ಸಂಯಮ ಇರುವ ಮಗು ಗೆಲ್ಲುತ್ತದೆ, ಇಲ್ಲದ್ದು ಸೋಲುತ್ತದೆ, ನಾಲ್ಕನೆಯ ವರ್ಷದಲ್ಲೇ ಅದು ತೀರ್ಮಾನವಾಗಿರುತ್ತದೆ.

ಆ ಪ್ರಕಟಣೆಯಲ್ಲಿ ಅಂಕಗಳ ಲೆಕ್ಕಕ್ಕೆ ಸಿಕ್ಕ ಮಕ್ಕಳು ನೂರಕ್ಕೂ ಕಡಿಮೆ. ಅವರಲ್ಲಿ ಬಹುತೇಕರು ವಿಶ್ವವಿದ್ಯಾಲಯದ ಆಸುಪಾಸಿನ ಕುಟುಂಬಗಳವರು. ಮಿಶೆಲ್ ಅವರ ತಂಡ ಇದರ ಬಗ್ಗೆ ಎಚ್ಚರಿಕೆಯ ಮಾತನ್ನೂ ಬರೆದಿತ್ತು. ವಿಡಿಯೊಗಳಲ್ಲಿ ಅದು ಬರುವುದಿಲ್ಲ. 2018ರಲ್ಲಿ ಟೈಲರ್ ವಾಟ್ಸ್, ಗ್ರೆಗ್ ಡಂಕನ್, ಹಾವೊನಾನ್ ಕ್ವಾನ್ ಸೇರಿ 900ಕ್ಕೂ ಹೆಚ್ಚು ಮಕ್ಕಳ ದಾಖಲೆ ಇಟ್ಟುಕೊಂಡು ಲೆಕ್ಕವನ್ನು ಮತ್ತೆ ಮಾಡಿದರು. ಕಾಯುವ ಹೊತ್ತಿಗೂ 15ನೆಯ ವಯಸ್ಸಿನ ಕಲಿಕೆಗೂ ಇದ್ದ ನಂಟು ಮೊದಲಿನ ಅರ್ಧಕ್ಕೆ ಇಳಿಯಿತು. ಮನೆಯ ಸ್ಥಿತಿ, ತಾಯಿಯ ಓದು, ಮಗುವಿನ ಆರಂಭದ ಕಲಿಕೆ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಾಗ ಆ ಅರ್ಧದಲ್ಲೂ ಮೂರನೆಯ ಎರಡು ಭಾಗ ಕರಗಿಹೋಯಿತು.

ಇದಕ್ಕಿಂತ ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು 2013ರ ಒಂದು ಪುಟ್ಟ ಪ್ರಯೋಗ. ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸೆಲೆಸ್ಟ್ ಕಿಡ್ ಮತ್ತು ಜೊತೆಗಾರರು ಮಾಡಿದ್ದು, ಮಕ್ಕಳು ಬರೀ 28. ತಿಂಡಿ ಇಡುವ ಮೊದಲು ಮಗುವಿನ ಮುಂದೆ ಬಳಸಿ ಸವೆದ ಬಣ್ಣದ ಕಡ್ಡಿಗಳನ್ನು ಇಟ್ಟರು. ‘ಸ್ವಲ್ಪ ಕಾದರೆ ಇದಕ್ಕಿಂತ ಚೆನ್ನಾಗಿರುವುದನ್ನು ತರುತ್ತೇನೆ’ ಎಂದರು. ಅರ್ಧದಷ್ಟು ಮಕ್ಕಳಿಗೆ ನಿಜಕ್ಕೂ ತಂದುಕೊಟ್ಟರು. ಉಳಿದ ಅರ್ಧದವರ ಬಳಿಗೆ ಬರಿಗೈಯಲ್ಲಿ ಬಂದು, ‘ಕ್ಷಮಿಸು, ನಮ್ಮಲ್ಲಿ ಇರಲಿಲ್ಲ’ ಎಂದರು. ಅದಾದ ಮೇಲೆ ತಿಂಡಿಯ ಪರೀಕ್ಷೆ. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರನ್ನು ಕಂಡ ಮಕ್ಕಳು ಕಾದದ್ದು 3 ನಿಮಿಷ. ಮಕ್ಕಳು ಒಂದೇ ಬಗೆಯವರು, ಬೇರೆಯಾಗಿದ್ದದ್ದು ದೊಡ್ಡವರ ನಡತೆ. ಕೊಡುತ್ತೇನೆ ಎಂದವರು ಕೊಡದೇ ಹೋಗುವುದನ್ನೇ ಕಂಡು ಬೆಳೆದ ಮಗು ಕೈಗೆ ಸಿಕ್ಕಿದ್ದನ್ನು ತಕ್ಷಣ ತಿಂದರೆ ಅದಕ್ಕೆ ಸಂಯಮವಿಲ್ಲ ಎನ್ನುತ್ತೀರಾ? ಅದು ಲೋಕವನ್ನು ಸರಿಯಾಗಿಯೇ ಓದಿಕೊಂಡಿದೆ ಎನ್ನುತ್ತೇನೆ ನಾನು. ನಮ್ಮ ಶಾಲೆಗಳಲ್ಲಿ ಕಾರ್ಯಕ್ರಮ ಘೋಷಣೆಯಾಗಿ, ಮಕ್ಕಳು ಸಾಲಿನಲ್ಲಿ ನಿಂತು, ಸಾಮಾನು ಬಾರದೆ ಮನೆಗೆ ಹೋದ ದಿನಗಳು ನಿಮಗೂ ನೆನಪಿರಬೇಕು. ಆ ದಿನ ಮಕ್ಕಳು ಕಲಿತ ಪಾಠ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಇಷ್ಟು ಹೇಳಿದಾಗ ಯಾರಾದರೂ ಕೇಳಬಹುದು: ಹಳೆಯ ಅಧ್ಯಯನಗಳಲ್ಲಿ ಮಾಹಿತಿ ಕಡಿಮೆ ಇತ್ತು. ಈಗ ಕಂಪ್ಯೂಟರ್ ಇದೆ, ಕೃತಕ ಬುದ್ಧಿಮತ್ತೆ ಇದೆ. ಮಗುವಿನ ಬಗ್ಗೆ ಎಲ್ಲವನ್ನೂ ತುಂಬಿದರೆ ಅದು ಹೇಳದೇ?

ಇದನ್ನೂ ಪರೀಕ್ಷಿಸಿ ನೋಡಿದ್ದಾರೆ, ಬಹಳ ಪ್ರಾಮಾಣಿಕವಾಗಿ. ಅಮೆರಿಕದ ದೊಡ್ಡ ನಗರಗಳಲ್ಲಿ 2000ದ ಆಸುಪಾಸಿನಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ಸಂಶೋಧಕರು ಹುಟ್ಟಿದಾಗಿನಿಂದ ಹಿಂಬಾಲಿಸುತ್ತಿದ್ದರು. ಮಗುವಿಗೆ 1, 3, 5, 9 ವರ್ಷವಾದಾಗ ತಂದೆ, ತಾಯಿ, ಶಿಕ್ಷಕರನ್ನೆಲ್ಲ ಮಾತನಾಡಿಸಿ ಮಾಹಿತಿ ಕೂಡಿಸಿದ್ದರು. 4,242 ಕುಟುಂಬಗಳು, ಒಂದೊಂದರ ಬಗ್ಗೆ 12,942 ಸಂಗತಿಗಳು. ಪ್ರಿನ್ಸ್‌ಟನ್ನಿನ ಮ್ಯಾಥ್ಯೂ ಸಾಲ್ಗನಿಕ್ ಮತ್ತು ಸಂಗಡಿಗರು ಇದನ್ನು ಒಂದು ಸ್ಪರ್ಧೆಯಾಗಿಸಿದರು. 15ನೆಯ ವಯಸ್ಸಿನ ಮಾಹಿತಿ ಅವರ ಕೈಯಲ್ಲಿತ್ತು, ಆದರೆ ಸ್ಪರ್ಧಿಗಳಿಗೆ ತೋರಿಸಲಿಲ್ಲ. 9ರವರೆಗಿನದನ್ನು ನೋಡಿ 15ರಲ್ಲಿ ಮಗುವಿನ ಶಾಲೆಯ ಅಂಕ ಎಷ್ಟಿರುತ್ತದೆ, ಮನೆಯಲ್ಲಿ ಎಷ್ಟು ಬಡತನ ಇರುತ್ತದೆ, ಕುಟುಂಬ ಮನೆಯಿಂದ ಹೊರಬಿದ್ದಿರುತ್ತದೆಯೇ, ಹೀಗೆ ಆರು ವಿಷಯಗಳನ್ನು ಹೇಳಬೇಕಿತ್ತು. 160 ತಂಡಗಳು ತಮಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಪ್ರಯೋಗಿಸಿದವು. ಫಲಿತಾಂಶ 2020ರಲ್ಲಿ ಹೊರಬಂತು.

ಗಣಿತದ ಮೇಷ್ಟರಾಗಿ ಅಳತೆಗೋಲನ್ನು ಸ್ವಲ್ಪ ವಿವರಿಸುತ್ತೇನೆ. ಎಲ್ಲ ಮಕ್ಕಳಿಗೂ ತರಗತಿಯ ಸರಾಸರಿಯನ್ನೇ ಊಹೆಯಾಗಿ ಬರೆದುಬಿಟ್ಟರೆ ನಿಮಗೆ ಸಿಗುವುದು ಸೊನ್ನೆ. ಪ್ರತಿ ಮಗುವಿನದನ್ನೂ ಕರಾರುವಾಕ್ಕಾಗಿ ಹೇಳಿದರೆ ಒಂದು. ಶಾಲೆಯ ಅಂಕಗಳ ವಿಷಯದಲ್ಲಿ ಗೆದ್ದ ತಂಡಕ್ಕೆ ಸಿಕ್ಕಿದ್ದು ಸುಮಾರು 0.2. ಮನೆ ಬಿಡಬೇಕಾಗಿ ಬಂದದ್ದು, ಕೆಲಸ ಕಳೆದುಕೊಂಡದ್ದು ಇಂಥವುಗಳಲ್ಲಿ 0.05ರ ಆಸುಪಾಸು, ಅಂದರೆ ಸೊನ್ನೆಯ ಹೊಸ್ತಿಲಲ್ಲೇ. ಇನ್ನೊಂದು ಸಂಗತಿ ಕೇಳಿ. ಸಂಘಟಕರು ಪಕ್ಕದಲ್ಲಿ ಬಹಳ ಸರಳವಾದ ಒಂದು ಲೆಕ್ಕ ಇಟ್ಟಿದ್ದರು. ತಾಯಿಯ ಬಗೆಗಿನ ಮೂರು ಸಂಗತಿ, 9ನೆಯ ವಯಸ್ಸಿನಲ್ಲಿ ತೆಗೆದ ಒಂದು ಅಳತೆ, ಒಟ್ಟು ನಾಲ್ಕೇ. ಹನ್ನೆರಡು ಸಾವಿರಕ್ಕೂ ಮೇಲ್ಪಟ್ಟ ಸಂಗತಿಗಳನ್ನು ಅರೆದು ಕುಡಿದ ಯಂತ್ರಗಳು ಈ ನಾಲ್ಕಕ್ಕಿಂತ ಮುಂದೆ ಹೋದದ್ದು ಕೂದಲೆಳೆಯಷ್ಟು.

ಆ ಸಂಶೋಧಕರು ಇಲ್ಲಿಗೆ ಬಿಡಲಿಲ್ಲ ಎಂಬುದಕ್ಕೆ ನನಗೆ ಅವರ ಮೇಲೆ ಗೌರವ. 40 ಕುಟುಂಬಗಳನ್ನು ಆರಿಸಿ, ಕೂತು, ದೀರ್ಘವಾಗಿ ಮಾತನಾಡಿಸಿದರು. ಊಹೆಗೆ ಸಿಗದೇ ಹೋದದ್ದು ಆ ಮಾತುಕತೆಯಲ್ಲಿ ಕಾಣಿಸಿತು. 9ರಿಂದ 15ರ ನಡುವೆ ಮನೆಯಲ್ಲಿ ನಡೆದ ಸಾವು ಯಾವ ಪ್ರಶ್ನಾವಳಿಯಲ್ಲಿ ಮೊದಲೇ ಇರಲು ಸಾಧ್ಯ? ನಡೆದಿದ್ದೂ ಯಾರೂ ಕೇಳದ ಸಂಗತಿಗಳು ಬೇರೆ ಇದ್ದವು.

ಅಡಿಕೆ ಸಸಿಮಡಿ ಮಾಡುವವರು ಈ ಸಭೆಯಲ್ಲಿ ಇರಬಹುದು. ಮಡಿಯಲ್ಲಿ ಬೀಜ ಊರಿದವರು ನೂರಕ್ಕೆ ಸುಮಾರು ಎಷ್ಟು ಮೊಳೆಯುತ್ತವೆ ಎಂದು ಅನುಭವದಿಂದ ಹೇಳುತ್ತಾರೆ, ಬಹುಮಟ್ಟಿಗೆ ಸರಿಯಾಗಿರುತ್ತದೆ. ಬೆರಳಿಟ್ಟು ‘ಈ ಬೀಜ?’ ಎಂದು ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ. ಮಕ್ಕಳ ಬಗೆಗಿನ ಸಂಶೋಧನೆ ನಿಂತಿರುವುದೂ ಅಲ್ಲಿಯೇ. ಗುಂಪಿನ ಬಗ್ಗೆ ಅದಕ್ಕೆ ಗೊತ್ತಿರುವುದು ನಿಜವಾದ ಜ್ಞಾನ, ಅದನ್ನು ತಳ್ಳಿಹಾಕಬಾರದು. ಬಡತನ ಕಲಿಕೆಯನ್ನು ಕಚ್ಚುತ್ತದೆ ಎಂಬುದು ಊಹೆಯಲ್ಲ. ತೊಂದರೆ ಶುರುವಾಗುವುದು ಗುಂಪಿನ ಮಾತನ್ನು ಒಂದು ಮಗುವಿನ ಹಣೆಗೆ ಅಂಟಿಸಿದಾಗ.

ಅಂಟಿಸಿದರೆ ಏನಾಗುತ್ತದೆ ಎಂಬುದು 2020ರ ಆಗಸ್ಟಿನಲ್ಲಿ ಇಂಗ್ಲೆಂಡಿನಲ್ಲಿ ಕಂಡಿತು. ಕೋವಿಡ್‌ನಿಂದ ಪರೀಕ್ಷೆಗಳು ರದ್ದಾಗಿದ್ದವು. ನಮ್ಮ ದ್ವಿತೀಯ ಪಿಯುಸಿಗೆ ಸಮನಾದ ಎ-ಲೆವೆಲ್ ಮಕ್ಕಳಿಗೆ ಶ್ರೇಣಿ ಕೊಡಬೇಕಿತ್ತು. ಶಿಕ್ಷಕರು ಮಕ್ಕಳನ್ನು ಮೊದಲನೆಯವರಿಂದ ಕೊನೆಯವರವರೆಗೆ ಸಾಲಾಗಿ ಬರೆದುಕೊಟ್ಟರು. ಆ ಸಾಲಿನ ಮೇಲೆ ಅದೇ ಶಾಲೆಯ ಹಿಂದಿನ ವರ್ಷಗಳ ಫಲಿತಾಂಶವನ್ನು ಹೊದಿಸಲಾಯಿತು. ಹಿಂದೆ ಯಾರೂ ಅತ್ಯುನ್ನತ ಶ್ರೇಣಿ ಪಡೆಯದ ಶಾಲೆಯಲ್ಲಿ ಈ ವರ್ಷದ ಮಗು ಎಷ್ಟೇ ಓದಿದ್ದರೂ ಅದು ಸಿಗುವುದು ಹೆಚ್ಚುಕಡಿಮೆ ಅಸಾಧ್ಯವಾಯಿತು. ತೀರಾ ಸಣ್ಣ ತರಗತಿಗಳಲ್ಲಿ ಮಾತ್ರ ಶಿಕ್ಷಕರು ಕೊಟ್ಟ ಶ್ರೇಣಿಯೇ ಉಳಿಯಿತು. ಅಂಥ ತರಗತಿಗಳು ಹೆಚ್ಚಾಗಿ ಇದ್ದದ್ದು ಶುಲ್ಕ ಕೊಟ್ಟು ಓದುವ ಶಾಲೆಗಳಲ್ಲಿ. ಆಗಸ್ಟ್ 13ರಂದು ಫಲಿತಾಂಶ ಬಂದಾಗ ಶಿಕ್ಷಕರು ಅಂದಾಜಿಸಿದ್ದ ಶ್ರೇಣಿಗಳಲ್ಲಿ 39 ಪ್ರತಿಶತ ಕೆಳಗಿಳಿದಿದ್ದವು. ಮಕ್ಕಳು ಬೀದಿಗಿಳಿದರು. ನಾಲ್ಕೇ ದಿನಕ್ಕೆ, 17ರಂದು, ಸರ್ಕಾರ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಲೆಕ್ಕ ಮಾಡಿದವರು ದುಷ್ಟರಲ್ಲ. ರಾಷ್ಟ್ರದ ಒಟ್ಟು ಫಲಿತಾಂಶ ಏರುಪೇರಾಗಬಾರದು ಎಂದು ಶ್ರದ್ಧೆಯಿಂದ ಮಾಡಿದ್ದರು. ಒಟ್ಟು ಸರಿಯಾಗಿಯೇ ಬಂತು, ಬಲಿಯಾದದ್ದು ಒಂದೊಂದು ಮಗು.

ಮರುವರ್ಷ ನಮ್ಮಲ್ಲೂ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು. ಎಸ್ಸೆಸ್ಸೆಲ್ಸಿಯ ಅಂಕಕ್ಕೆ 45 ಪ್ರತಿಶತ, ಪ್ರಥಮ ಪಿಯುಸಿಗೆ 45, ಆಂತರಿಕ ಮೌಲ್ಯಮಾಪನಕ್ಕೆ 10 ಎಂಬ ಸೂತ್ರದಿಂದ ಫಲಿತಾಂಶ ಕೊಟ್ಟರು. ಎಲ್ಲರೂ ಉತ್ತೀರ್ಣ. ಮಗುವನ್ನು ಅದರ ಸ್ವಂತ ಅಂಕಗಳಿಂದ ಅಳೆದದ್ದು, ಬೇಡವೆಂದವರಿಗೆ ಪರೀಕ್ಷೆ ಬರೆಯುವ ಬಾಗಿಲು ತೆರೆದಿಟ್ಟದ್ದು ಇಂಗ್ಲೆಂಡಿನ ದಾರಿಗಿಂತ ಮೇಲು ಎಂದೇ ನನ್ನ ಅಭಿಪ್ರಾಯ. ಆದರೂ ಹತ್ತನೆಯ ತರಗತಿಯಲ್ಲಿ ಎಡವಿ ಪಿಯುಸಿಯಲ್ಲಿ ಎದ್ದು ನಿಂತ ಮಗುವಿಗೆ ಆ ಸೂತ್ರದಲ್ಲಿ ಜಾಗ ಕಿರಿದಾಗಿತ್ತು.

ಈಗ ಪಟ್ಟಿಯ ವಿಷಯಕ್ಕೆ ಇನ್ನೂ ಹತ್ತಿರ ಬರುತ್ತೇನೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನಮ್ಮ ಪಟ್ಟಿಯನ್ನೇ ಕಂಪ್ಯೂಟರ್ ಬರೆಯುತ್ತದೆ. 6ರಿಂದ 9ನೆಯ ತರಗತಿಯ ಮಕ್ಕಳಲ್ಲಿ ಯಾರು ಮುಂದೆ ಶಾಲೆ ಬಿಡುವ ಸಂಭವ ಇದೆ ಎಂದು ಅದು ವರ್ಷಕ್ಕೆ ಎರಡು ಸಲ ಹೇಳುತ್ತದೆ. 2023ರಲ್ಲಿ ಹುವಾನ್ ಪೆರ್ದೊಮೊ ಮತ್ತು ಇತರ ಸಂಶೋಧಕರು ಅದರ ಸುಮಾರು ಹತ್ತು ವರ್ಷಗಳ ಕೆಲಸವನ್ನು ಪರಿಶೀಲಿಸಿದರು. ಅಪಾಯದಲ್ಲಿರುವವರನ್ನು ಸಾಲಾಗಿ ನಿಲ್ಲಿಸುವ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತಿತ್ತು. ಆ ಸಾಲಿನಿಂದಾಗಿ ಹೆಚ್ಚು ಮಕ್ಕಳು ಓದು ಮುಗಿಸಿದರು ಎಂಬುದಕ್ಕೆ ಮಾತ್ರ ಪುರಾವೆ ಸಿಗಲಿಲ್ಲ. ಅವರು ಕಂಡ ಇನ್ನೊಂದು ಸಂಗತಿಯನ್ನು ದಯವಿಟ್ಟು ಗಮನವಿಟ್ಟು ಕೇಳಿ. ಮಗುವಿನ ವೈಯಕ್ತಿಕ ವಿವರಗಳನ್ನೆಲ್ಲ ಬದಿಗಿಟ್ಟು, ಬರೀ ಶಾಲೆ ಮತ್ತು ಸುತ್ತಲಿನ ಪ್ರದೇಶದ ವಿವರಗಳಿಂದಲೇ ಅಪಾಯದಲ್ಲಿರುವವರನ್ನು ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ತಲುಪಬಹುದಿತ್ತು. ಅಪಾಯ ಇದ್ದದ್ದು ಹೆಚ್ಚಾಗಿ ಶಾಲೆಯ ಸುತ್ತಮುತ್ತ. ಹೆಸರು ಬಿದ್ದದ್ದು ಮಗುವಿನದು.

ಬಿಹಾರದ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಪ್ರೌಢಶಾಲೆ ಊರಿನಿಂದ ಎಷ್ಟು ದೂರ ಎಂದು ಗೊತ್ತಾದರೆ ಹುಡುಗಿ ಎಂಟನೆಯ ತರಗತಿಯ ನಂತರ ಓದುತ್ತಾಳೋ ಇಲ್ಲವೋ ಎಂದು ಅಲ್ಲಿ ಬಹುಮಟ್ಟಿಗೆ ಊಹಿಸಬಹುದಿತ್ತು. 2006ರಲ್ಲಿ ಅಲ್ಲಿನ ಸರ್ಕಾರ 9ನೆಯ ತರಗತಿಗೆ ಸೇರಿದ ಹುಡುಗಿಯರಿಗೆ ಸೈಕಲ್ಲಿಗೆ ಹಣ ಕೊಟ್ಟಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಮಾಡಿದ ಅಧ್ಯಯನದಲ್ಲಿ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ 32 ಪ್ರತಿಶತ ಏರಿದ್ದು ಕಂಡಿತು. ಶಾಲೆ ದೂರವಿದ್ದ ಊರುಗಳಲ್ಲೇ ಈ ಏರಿಕೆ ಹೆಚ್ಚು. ಹುಡುಗಿಯರ ಬುದ್ಧಿಯನ್ನು ಯಾರೂ ಅಳೆಯಲಿಲ್ಲ, ಸಂಯಮವನ್ನು ಪರೀಕ್ಷಿಸಲಿಲ್ಲ. ದಾರಿಯನ್ನು ಸಣ್ಣದು ಮಾಡಿದರು. ನಮ್ಮಲ್ಲೂ ಎಂಟನೆಯ ತರಗತಿಯ ಮಕ್ಕಳು ಹೊಸ ಸೈಕಲ್ಲುಗಳನ್ನು ತಳ್ಳಿಕೊಂಡು ಗೇಟು ದಾಟುತ್ತಿದ್ದ ದಿನ ನಿಮಗೆ ನೆನಪಿರಬಹುದು, ಸೀಟಿಗೆ ಇನ್ನೂ ಪ್ಲಾಸ್ಟಿಕ್ ಸುತ್ತಿರುತ್ತಿತ್ತು.

ಇನ್ನೊಂದು ಅಧ್ಯಯನ ಹೇಳದೆ ಮುಂದೆ ಹೋಗಲಾರೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಹೆರಿಗೆಯ ತೊಡಕು, ಮನೆಯ ಜಗಳ, ಹೆತ್ತವರ ಮಾನಸಿಕ ಕಾಯಿಲೆ, ಇಂಥ ನಾಲ್ಕಾರು ಭಾರ ಹೊತ್ತು ಬೆಳೆದ ಮಕ್ಕಳಲ್ಲಿ ಮೂರನೆಯ ಎರಡು ಭಾಗದವರು ತೊಂದರೆಗೆ ಸಿಕ್ಕಿದರು. ಗುಂಪಿನ ಊಹೆ ನಿಜವಾಯಿತು. ಉಳಿದ ಮೂರನೆಯ ಒಂದು ಭಾಗ ಚೆನ್ನಾಗಿ ಓದಿ, ದುಡಿದು, ಇತರರನ್ನು ನೋಡಿಕೊಳ್ಳುವ ಮನುಷ್ಯರಾದರು. ಅವರ ಬಾಲ್ಯದಲ್ಲಿ ಮತ್ತೆ ಮತ್ತೆ ಕಂಡದ್ದು ತಮ್ಮನ್ನು ಕೈಬಿಡದ ಒಬ್ಬ ದೊಡ್ಡವರು. ಅಜ್ಜಿ, ಅತ್ತೆ, ನೆರೆಯವರು, ಶಿಕ್ಷಕರು. ಹದಿನೆಂಟರಲ್ಲಿ ದಾರಿ ತಪ್ಪಿದ್ದ ಹಲವರು ಮೂವತ್ತು ದಾಟುವ ಹೊತ್ತಿಗೆ ಸುಧಾರಿಸಿಕೊಂಡದ್ದೂ ಆ ದಾಖಲೆಯಲ್ಲಿದೆ. ಹದಿನೆಂಟಕ್ಕೆ ಲೆಕ್ಕದ ಪುಸ್ತಕ ಮುಚ್ಚಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಊಟಕ್ಕೆ ಮೊದಲು ಒಬ್ಬ ಮೇಡಂ ನನ್ನನ್ನು ಕೇಳಿದರು, ಹಾಗಾದರೆ ಪಟ್ಟಿ ಮಾಡಲೇಬಾರದೇ ಸರ್ ಎಂದು. ಮಾಡಿ. ಬಿನೆ ಮಾಡಿದ್ದೂ ಪಟ್ಟಿಯೇ. ಹೆಸರು, ಅಂಕ ಇರುವ ಜಾಗದ ಪಕ್ಕದಲ್ಲಿ ಇನ್ನೊಂದು ಕಾಲಂ ಗೆರೆ ಎಳೆಯಿರಿ, ಈ ಮಗುವಿನ ದಿನದಲ್ಲಿ ಏನು ಅಡ್ಡ ಬರುತ್ತಿದೆ ಎಂದು ಕೇಳಿ ತಿಳಿದುಕೊಂಡು ಬರೆಯಿರಿ. ನನಗೆ ಇದು ಹೊಳೆದದ್ದು ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷವಾದ ಮೇಲೆ.

ಆ ವರ್ಷ ನನ್ನ ಪಟ್ಟಿಯಲ್ಲಿ 14 ಮಕ್ಕಳಿದ್ದರು. ಒಬ್ಬ ಹುಡುಗಿಗೆ 80ಕ್ಕೆ 11. ಬಾಕಿ ವಿಷಯಗಳಲ್ಲಿ ಅವಳದು ಅಷ್ಟು ಕಡಿಮೆ ಇರಲಿಲ್ಲ. ಹಾಜರಿ ಪುಸ್ತಕ ತಿರುವಿ ನೋಡಿದೆ. ಹಾಜರಿ ತಪ್ಪಿಸಿದವಳಲ್ಲ, ಆದರೆ ಅವಳ ಹೆಸರಿನ ಮುಂದೆ ದಿನವೂ ಪೆನ್ಸಿಲಿನ ಒಂದು ಚುಕ್ಕೆ, ಅಂದರೆ ತಡವಾಗಿ ಬಂದವಳು. ಅದೇ ಪುಟದಲ್ಲಿ ಚುಕ್ಕೆ ಇದ್ದ ಹೆಸರುಗಳು ಇನ್ನೂ ನಾಲ್ಕು. ಐವರೂ ನನ್ನ ಪಟ್ಟಿಯಲ್ಲಿದ್ದರು. ಐವರೂ ಒಂದೇ ಬಸ್ಸಿನವರು. ಬಸ್ಸು ನಿಲ್ದಾಣಕ್ಕೆ ಬರುವಾಗ ಪ್ರಾರ್ಥನೆ ಮುಗಿದು ಮೊದಲ ಪಿರಿಯಡ್ ಅರ್ಧ ಆಗಿರುತ್ತಿತ್ತು. ಬೆಳಿಗ್ಗೆ ಮಕ್ಕಳ ತಲೆ ಚುರುಕಾಗಿರುತ್ತದೆ ಎಂದು ಮೊದಲ ಪಿರಿಯಡ್ ಗಣಿತಕ್ಕೆ ಕೇಳಿ ಹಾಕಿಸಿಕೊಂಡವನು ನಾನೇ. ಅರ್ಧ ಲೆಕ್ಕ ಬೋರ್ಡಿನ ಮೇಲೆ ಮುಗಿದಿರುವಾಗ ಬಾಗಿಲಲ್ಲಿ ನಿಂತು ‘ಒಳಗೆ ಬರಲಾ ಸರ್’ ಎನ್ನುತ್ತಿದ್ದ ಆ ಮಕ್ಕಳನ್ನು ಎರಡು ವರ್ಷ ದಿನವೂ ನೋಡಿದ್ದೆ.

ಮುಖ್ಯೋಪಾಧ್ಯಾಯರಿಗೆ ಹೇಳಿ ಗಣಿತವನ್ನು ಮೂರನೆಯ ಪಿರಿಯಡ್‌ಗೆ ಬದಲಾಯಿಸಿಕೊಂಡೆ. ತಪ್ಪಿಹೋಗಿದ್ದ ಲೆಕ್ಕಗಳನ್ನು ಊಟದ ಬಿಡುವಿನಲ್ಲಿ ಐವರಿಗೂ ಮತ್ತೆ ಹೇಳಿಕೊಟ್ಟೆ. ಏಪ್ರಿಲಿನಲ್ಲಿ ಆ ಹುಡುಗಿಯೂ ಸೇರಿ ನಾಲ್ವರು ಪಾಸಾದರು. ಐದನೆಯವನು ಆಗಲಿಲ್ಲ. ಅವನು ಊಟದ ಬಿಡುವಿನ ತರಗತಿಗೆ ಎರಡು ದಿನ ಬಂದು ಮೂರನೆಯ ದಿನದಿಂದ ಬರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ.